ಬಂದೂಕು ಕುಡಿದ ಎಣ್ಣೆ

“ಅಜ್ಜಾರೆ, ಬೆಂಕಿ ಹಚ್ಚಿದವನು ನಾನಲ್ಲ. ಎದೆಯೊಳಗಿನ ಸಿಟ್ಟು ತಾನಾಗಿಯೇ ಹೊತ್ತಿಕೊಂಡರೆ ನನ್ನ ತಪ್ಪೇನು?”

ಮಠದ ಗುರುಗಳನ್ನು ಹೀಗೆ ಕೇಳಿದವನು ಅಡಿವೆಯ್ಯ, ಮಠದ ಅಡುಗೆಮನೆಯಲ್ಲಿ ಹನ್ನೆರಡು ವರ್ಷದಿಂದ ಇದ್ದ ಶಿಷ್ಯ. ಅವನ ಅಣ್ಣ ಹಾಸಿಗೆ ಹಿಡಿದಿದ್ದ. ‘ಒಮ್ಮೆ ಮುಖ ತೋರಿಸಿ ಹೋಗು’ ಎಂದು ಊರಿನಿಂದ ಆಳು ಕಳಿಸಿದ್ದ. ಆಳು ಹೊರಗೆ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದ. ಅಡಿವೆಯ್ಯ ಬರುವುದಿಲ್ಲ ಎಂದಿದ್ದ. ತಾಯಿ ತೀರಿಕೊಂಡಾಗ ಅಣ್ಣ ಮೂರು ದಿನ ಸುದ್ದಿ ಮುಟ್ಟಿಸಿರಲಿಲ್ಲ. ಅಡಿವೆಯ್ಯ ಹೋಗುವ ಹೊತ್ತಿಗೆ ಮಣ್ಣಾಗಿತ್ತು. ಈ ಸಂಗತಿ ಮಠಕ್ಕೆ ಬಂದು ಹೋಗುವವರಿಗೆಲ್ಲ ಗೊತ್ತಿತ್ತು. ದಿನಾ ಬೆಳಿಗ್ಗೆ ಕಾಯಿಪಲ್ಲೆ ಹೆಚ್ಚುತ್ತ ಅವನೇ ಹೇಳುತ್ತಿದ್ದ.

“ಆರಿಸಬೇಕು ಅಂತ ಎಷ್ಟೋ ಮಾಡಿದೆ. ಅದು ತಾನೇ ಏಳತೈತಿ. ನನ್ನ ಕೈಯಾಗ ಏನೈತ್ರಿ?” ಎಂದ.

ಗುರುಗಳು, “ಕುಂದ್ರು,” ಎಂದರು. ಅವನು ಕೂತ. ಅವರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ವಯಸ್ಸು ಸಣ್ಣದು, ಕೆಲಸ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಎರೆಸೀಮೆಯ ಹತ್ತು ಹಳ್ಳಿಯಲ್ಲಿ ಅಂಥ ಕೈ ಇನ್ನೊಂದಿಲ್ಲ ಎಂದು ಜನ ಹೇಳುತ್ತಿದ್ದರು. ಜನ ಹೇಳುವುದು ತಡವಾದರೆ ಅವನೇ ಹೇಳುತ್ತಿದ್ದ. ಸುಳ್ಳೇನಲ್ಲ. ಅವನು ಕೂಡಿಸಿದ ಗಾಲಿ ಮೂರು ಮಳೆಗಾಲ ಕಂಡರೂ ಕಿರುಗುಟ್ಟುತ್ತಿರಲಿಲ್ಲ. ಅವನು ನಿಲ್ಲಿಸಿದ ಬಾಗಿಲನ್ನು ಅಂಬೆಗಾಲಿಡುವ ಕೂಸು ನೂಕಿದರೂ ತೆರೆಯುತ್ತಿತ್ತು. ಸೀಳಿದ್ದು, ಒಣಗಿದ್ದು, ಹುಳ ತಿಂದದ್ದು, ಯಾವುದನ್ನು ತಂದರೂ ಬೇಡ ಎನ್ನುತ್ತಿರಲಿಲ್ಲ.

“ಮರ ಸತ್ತೈತಿ ಅನ್ನಾಕ ನೀವ್ಯಾರು? ನಾನು ಸತ್ತೈತಿ ಅಂದ ಮ್ಯಾಲ ಸಾಯಬೇಕು ಅದು,” ಎನ್ನುತ್ತಿದ್ದ.

ಅವನ ಹೆಂಡತಿಗೆ ಏಳು ತಿಂಗಳು. ಚೊಚ್ಚಲು. ಆ ಹೊತ್ತಿಗೆ ತವರಿಗೆ ಹೋಗಿರಬೇಕಾದವಳು, ತೊಟ್ಟಿಲು ಮುಗಿಯುವುದನ್ನು ಕಣ್ಣಿಂದ ನೋಡಿಯೇ ಹೋಗುತ್ತೇನೆ ಎಂದು ನಿಂತಿದ್ದಳು. ತೊಟ್ಟಿಲಿಗೆ ಮೂರು ಮಗ್ಗುಲು ಕೂಡಿದ್ದವು, ಒಂದು ಬಾಕಿ ಇತ್ತು. ಕೂಸಿಗೆ ಸುತ್ತಲು ಅವಳು ತನ್ನ ಅಜ್ಜಿಯ ಹತ್ತಿ ಸೀರೆಗಳನ್ನು ಹರಿದು, ಏಳು ಸಲ ಒಗೆದು, ಬೆಣ್ಣೆಯಂತೆ ಮೆತ್ತಗಾದ ಮೇಲೆ ಗಂಟು ಕಟ್ಟಿ ಇಟ್ಟಿದ್ದಳು. ಮನೆಯೂ ಕೆಲಸದ ಜಾಗವೂ ಒಂದೇ ಸೂರಿನ ಕೆಳಗೆ. ನಡುವೆ ಒಂದು ತಟ್ಟಿ.

ಮಹಾನವಮಿಗೆ ಹದಿನೈದು ದಿನ ಇರುವಾಗ ವಾಡೆಯ ದೇಸಾಯಿ ಒಂದು ಬಂದೂಕು ತಂದ. ತಾನೇ ಹೊತ್ತು ತಂದ. ಆಳಿನ ಕೈಗೆ ಕೊಟ್ಟಿರಲಿಲ್ಲ.

“ಕುಂದಾ ಕೆಟ್ಟೈತಿ,” ಎಂದ. ಬಂದೂಕಿನಲ್ಲಿ ಭುಜಕ್ಕೆ ಆನಿಸುವ ಮರಕ್ಕೆ ಕುಂದಾ ಎನ್ನುತ್ತಾರೆ.

ತಟ್ಟಿಯ ಆಚೆಯಿಂದ ಬಡಗಿಯ ಹೆಂಡತಿ, “ಕುಂದಾ ಕೆಟ್ಟರ ಬೆಳಗಾವಿ ಮಿಠಾಯಿ ಅಂಗಡಿಗೆ ಒಯ್ಯಬೇಕ್ರಿ. ಇಲ್ಯಾಕ ತಂದ್ರಿ?” ಎಂದಳು.

ದೇಸಾಯಿ ನಗಲಿಲ್ಲ. ಅದು ಅವನ ಮುತ್ತಜ್ಜನ ಬಂದೂಕು. ಮುತ್ತಜ್ಜ ಒಂದು ದಿನ ಹೊಲದಿಂದ ಬಂದವನೇ ಅದನ್ನು ಹಗೆಯೊಳಗೆ ಇಳಿಸಿ, ಮೇಲೆ ಬಂಡೆ ಎಳೆಸಿದ್ದ. ಆ ಹಗೆಯಲ್ಲಿ ಮತ್ತೆ ಜೋಳ ತುಂಬಲಿಲ್ಲ. ಯಾರಿಗೆ ಗುಂಡು ಬಿತ್ತು, ಯಾಕೆ ಬಿತ್ತು ಎಂದು ಆ ಮನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಜೋಳ ಇಡುವ ನೆಲದ ಗುಂಡಿಗೂ ಜನರ ವೈರಕ್ಕೂ ನಮ್ಮ ಮಾತಿನಲ್ಲಿ ಒಂದೇ ಹೆಸರು. ಎರಡನ್ನೂ ತೆರೆದವರು ಕೂಡಲೇ ಇಳಿಯಬಾರದು. ಒಳಗಿನ ಗಾಳಿ ಉಸಿರು ಕಟ್ಟಿಸುತ್ತದೆ.

“ಪೂಜಾದಾಗ ಇಡುವಷ್ಟು ಆದರ ಸಾಕು. ಹೆಚ್ಚಿಗಿ ಏನೂ ಬ್ಯಾಡ,” ಎಂದು ಹೇಳಿ ದೇಸಾಯಿ ಹೋದ.

ಬಡಗಿ ಬಂದೂಕನ್ನು ಎತ್ತಿದ. ಕಬ್ಬಿಣದ ಭಾರ ಇತ್ತು, ಮರದ ಭಾರ ಇರಲಿಲ್ಲ. ಮರ ಬೂದಿ ಬಣ್ಣಕ್ಕೆ ತಿರುಗಿತ್ತು. ಉದ್ದಕ್ಕೂ ಬಿರುಕು. ಬೆರಳಿನಿಂದ ತಟ್ಟಿದರೆ ಒಣಗಿದ ಸೋರೆಬುರುಡೆಯ ಸದ್ದು. ಸಾಗವಾನಿ ಅಲ್ಲ, ಮತ್ತಿ ಅಲ್ಲ, ಬೀಟೆಯೂ ಅಲ್ಲ. ಜನ್ಮದಲ್ಲಿ ಮೊದಲ ಸಲ ಅವನಿಗೆ ಒಂದು ಮರದ ಹೆಸರು ಗೊತ್ತಾಗಲಿಲ್ಲ. ಅದು ಅವನ ಮಾನಕ್ಕೆ ಚುಚ್ಚಿತು.

ಬಂದೂಕಿನ ಮರಕ್ಕೆ ಅಗಸೆ ಎಣ್ಣೆಯೇ ಆಗಬೇಕು. ಮಿಕ್ಕ ಎಣ್ಣೆಗಳು ಮೇಲೆ ಜಿಡ್ಡಾಗಿ ಕೂರುತ್ತವೆ. ಅಗಸೆ ಎಣ್ಣೆ ಒಳಗಿಳಿದು ಗಟ್ಟಿಯಾಗುತ್ತದೆ. ಅವನು ಗಾಣಿಗನಿಂದ ಒಂದು ಗಿಂಡಿ ಎಣ್ಣೆ ತಂದ. ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು, ಬಿಸಿಯಾಗುವ ತನಕ ಮರಕ್ಕೆ ಉಜ್ಜಿದ.

ಎಣ್ಣೆ ಬಿದ್ದಲ್ಲೇ ಕಾಣದಾಯಿತು. ಬಿರುಕಿನ ಬಾಯಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಒಂದು ಸದ್ದು ಬಂತು. ಕೂಸು ಮೊಲೆ ಚೀಪುವ ಸದ್ದು.

ತಟ್ಟಿಯ ಆಚೆ ಹೆಂಡತಿ ಬೀಸುವುದನ್ನು ನಿಲ್ಲಿಸಿ, “ಏನದು?” ಎಂದಳು.

“ಕುಡಿಯಾಕತ್ತೈತಿ,” ಎಂದ ಬಡಗಿ. ಅವನಿಗೆ ಅದರಿಂದ ಖುಷಿಯಾಗಿತ್ತು.

ದಿನಾ ಉಜ್ಜಿದ. ಬೂದಿ ಬಣ್ಣ ಹೋಗಿ ಜೇನಿನ ಬಣ್ಣ ಬಂತು, ಅದೂ ಕಪ್ಪೇರಿತು. ಐದನೆಯ ದಿನ ಕುಂದಾದ ಕತ್ತಿನಲ್ಲಿ ಒಂದು ಕಲೆ ಎದ್ದಿತು. ನಾಲ್ಕು ಬೆರಳು, ಒಂದು ಹೆಬ್ಬೆರಳು. ಯಾರೋ ವರ್ಷಗಟ್ಟಲೆ ಹಿಡಿದ ಬೆವರು ಮರದಲ್ಲಿ ಇಂಗಿತ್ತು. ಎಣ್ಣೆ ಅದನ್ನು ಮೇಲೆ ತಂದಿತ್ತು. ಬಡಗಿ ತನ್ನ ಕೈಯನ್ನು ಆ ಕಲೆಯ ಮೇಲಿಟ್ಟ. ಬೆರಳಿಗೆ ಬೆರಳು ಕೂತಿತು. ಕೆನ್ನೆಯನ್ನು ಮರಕ್ಕೆ ಆನಿಸಿದ. ಅಲ್ಲಿದ್ದ ತಗ್ಗಿನಲ್ಲಿ ಅವನ ಕೆನ್ನೆಯ ಮೂಳೆ ಕೂತಿತು. ಅಳತೆ ತೆಗೆದು ಮಾಡಿಸಿದ ಹಾಗೆ.

ಅವನು ಹೆದರಬೇಕಿತ್ತು. ಹೆದರಲಿಲ್ಲ. ನನ್ನ ಕೈಗೆ ಇದು ಕಾದಿತ್ತು ಎಂದುಕೊಂಡ.

ಏಳನೆಯ ದಿನ ಮರ ಉಗುಳಿತು. ಇದು ಬಡಗಿಗಳ ಮಾತು. ಹೊಟ್ಟೆ ತುಂಬಿದ ಮರ ಎಣ್ಣೆಯನ್ನು ಒಳಗೆ ತೆಗೆದುಕೊಳ್ಳದೆ ಹನಿಹನಿಯಾಗಿ ಹೊರಗೆ ಹಾಕುತ್ತದೆ. ಆಗ ಕೈ ತೆಗೆಯಬೇಕು. ಬಟ್ಟೆಯಿಂದ ಒರೆಸಿ, ನೆರಳಿಗೆ ಇಟ್ಟು, ಮರೆತುಬಿಡಬೇಕು. ಅವನ ಅಪ್ಪ ಅವನಿಗೆ ಹೇಳಿಕೊಟ್ಟ ಮೊದಲ ಪಾಠ ಅದು. ಬಡಗಿ ಆ ಹನಿಗಳನ್ನು ನೋಡಿದ.

“ಬೆವರಾಕತ್ತೈತಿ,” ಎಂದ.

ಉಗುಳಿದೆ ಎಂದಿದ್ದರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಬೆವರಿದೆ ಎಂದ. ಬೆವರಿದ್ದಕ್ಕೆ ಜೀವ ಇರಬೇಕು. ಜೀವ ಇದ್ದದ್ದಕ್ಕೆ ಆರೈಕೆ ಬೇಕು. ನಮ್ಮಲ್ಲಿ ಹಸುಗೂಸಿಗೆ ಏನು ಮಾಡುತ್ತಾರೆ? ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ, ಬೆಚ್ಚಗೆ ಇಡುತ್ತಾರೆ. ಅವನು ತಟ್ಟಿಯ ಆಚೆ ಹೋಗಿ ಹೆಂಡತಿಯ ಗಂಟು ಬಿಚ್ಚಿದ. ಮೆತ್ತನೆಯ ಒಂದು ತುಂಡನ್ನು ಎಣ್ಣೆಯಲ್ಲಿ ಅದ್ದಿ ಕುಂದಾಕ್ಕೆ ಸುತ್ತಿದ. ಮೂಲೆಯಲ್ಲಿ ಮಲಗಿಸಿ ಮೇಲೆ ಗರಗಸದ ಹೊಟ್ಟು ಮುಚ್ಚಿದ. ಮರುದಿನ ಬಿಚ್ಚಿ ಉಜ್ಜಿ, ಹಳೆಯದನ್ನು ಮತ್ತೆ ಸುತ್ತಿ, ಅದರ ಮೇಲೆ ಹೊಸದನ್ನು ಸುತ್ತಿದ. ಅದರ ಮರುದಿನ ಅದರ ಮೇಲೆ ಇನ್ನೊಂದು.

ಹತ್ತನೆಯ ದಿನ ಬೆಳಿಗ್ಗೆ ಹೊಟ್ಟು ಸರಿಸಿ ಕೈ ಇಟ್ಟ. ಬಂದೂಕು ಬೆಚ್ಚಗಿತ್ತು.

ಬಿಸಿಲು ಆ ಮೂಲೆಗೆ ಬರುತ್ತಿರಲಿಲ್ಲ. ಒಲೆ ತಟ್ಟಿಯ ಆಚೆ ಇತ್ತು, ಅದೂ ಹಚ್ಚಿರಲಿಲ್ಲ. ಸುತ್ತಲಿನ ಉಳಿ, ಗರಗಸವೆಲ್ಲ ತಣ್ಣಗಿದ್ದವು. ಬಂದೂಕಿನ ಮರ ಮಾತ್ರ ಮಲಗಿದ ಆಕಳ ಹೊಟ್ಟೆಯಂತೆ ಬೆಚ್ಚಗಿತ್ತು. ಯಾರೋ ಈಗಷ್ಟೇ ಕೈಬಿಟ್ಟು ಎದ್ದು ಹೋದ ಹಾಗೆ.

ಬಡಗಿ ಬೀದಿಗೆ ಓಡಿದ. ಸಿಕ್ಕವರನ್ನೆಲ್ಲ ಕರೆತಂದ. “ಮುಟ್ಟಿ ನೋಡ್ರಿ. ನೂರು ವರ್ಷದ ಹೆಣಕ್ಕ ಮೈ ಬಿಸಿ ಬರಿಸೀನಿ. ಇನ್ನ ಯಾವ ಬಡಗಿ ಹೆಸರು ನನ್ನ ಮುಂದ ತಗೀತೀರಿ, ತಗೀರಿ ನೋಡೂಣು,” ಎಂದ.

ಜನ ಮುಟ್ಟಿದರು. ಮುಟ್ಟಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ಒಬ್ಬ ಕ್ಷೌರಿಕ, “ಜ್ವರ ಬಂದಂಗೈತಿ. ನಾಡಿ ಹಿಡಿಯೋವ್ರನ್ನ ಕರಸೋ ತಮ್ಮಾ,” ಎಂದು ನಗಲು ನೋಡಿದ. ಅವನ ನಗೆಗೆ ಜೊತೆ ಸಿಗಲಿಲ್ಲ. ಆ ದಿನದಿಂದ ಬಡಗಿಯ ಅಂಗಳಕ್ಕೆ ಹರಟೆಗೆ ಬರುವವರು ನಿಂತರು. ಬಾಗಿಲಲ್ಲಿ ಮಲಗುತ್ತಿದ್ದ ನಾಯಿ ಎದುರು ಮನೆಯ ಬೇವಿನ ಕೆಳಗೆ ಮಲಗತೊಡಗಿತು.

ಹೆಂಡತಿ ಆ ಹೊತ್ತು ತನ್ನ ಗಂಟನ್ನು ನೋಡಿದಳು. ಅದರಲ್ಲಿ ಒಂದೇ ತುಂಡು ಉಳಿದಿತ್ತು.

“ಹುಟ್ಟೋ ಕೂಸಿಂದು ತಗದು ಸತ್ತದ್ದಕ್ಕ ಸುತ್ತೀದಿ,” ಎಂದಳು.

“ಸತ್ತಿಲ್ಲ ಅದು. ಮುಟ್ಟಿ ನೋಡು.”

“ನಾ ಮುಟ್ಟಂಗಿಲ್ಲ. ಕೇಳಿಲ್ಲಿ. ನಾಡಿದ್ದ ಸಂಜಿಕ ನಮ್ಮಣ್ಣ ಬಂಡಿ ತರತಾನ. ಅಷ್ಟರಾಗ ಅದು ವಾಡೆಕ ಹೋಗಿತ್ತಂದ್ರ ನಾ ನಗತ ಹೋಗತೀನಿ, ಕೂಸು ಕಟಗೊಂಡು ಈ ಮನೀಗೆ ತಿರಗಿ ಬರತೀನಿ. ಇಲ್ಲಾಂದ್ರ ನೀ ಅದನ್ನ ಕಟಗೊಂಡು ಇರು. ನಾ ಬರಂಗಿಲ್ಲ.”

ಅವಳು ದನಿ ಏರಿಸಿರಲಿಲ್ಲ. ಅದಕ್ಕೇ ಅವನಿಗೆ ಅದು ಕೇಳಿಸಿತು. ಆಗಲಿ ಎಂದ. ಮರುದಿನ ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದ. ಬಾಗಿಲಲ್ಲಿ ಅದನ್ನು ಇಳಿಸಿ ಕೈಯಿಟ್ಟು ನೋಡಿದ. ಗಾಳಿಗೆ ಬಂದ ಮರ ಆರುತ್ತಿತ್ತು. ತಣ್ಣಗಾದದ್ದನ್ನು ಕೊಟ್ಟರೆ ಕೈಗೆ ಏನು ಹೆಸರು ಬಂತು? ನವಮಿಗೆ ಇನ್ನೂ ನಾಲ್ಕು ದಿನ ಇದೆ. ಇನ್ನೊಂದು ದಿನ ಬೆಚ್ಚಗೆ ಇಟ್ಟು, ಬಿಸಿ ಇರುವಾಗಲೇ ದೇಸಾಯಿಯ ಕೈಗೆ ಕೊಡಬೇಕು.

ಒಳಗೆ ತಂದ. ಹಳೆಯ ಬಟ್ಟೆಗಳನ್ನೆಲ್ಲ ಸುತ್ತಿದ. ಗಂಟಿನಲ್ಲಿ ಉಳಿದ ಕೊನೆಯ ತುಂಡನ್ನೂ ಅದ್ದಿ ಸುತ್ತಿದ. ಹೊಟ್ಟನ್ನು ಎರಡು ಮೊಳ ಏರಿಸಿದ.

ಹನ್ನೆರಡನೆಯ ದಿನ ನಡುಹಗಲು. ಉತ್ತರೆ ಮಳೆ ಬಂದಿರಲಿಲ್ಲ, ಉತ್ತರೆಯ ಬಿಸಿಲು ಮಾತ್ರ ಬಂದಿತ್ತು. ಊರು ಹೊಲದಲ್ಲಿತ್ತು. ಹೆಂಡತಿ ತಟ್ಟಿಯ ಆಚೆ ಮಲಗಿದ್ದಳು. ಬಡಗಿ ಗಿಂಡಿ ಹಿಡಿದು ಊರ ತುದಿಯ ಗಾಣಕ್ಕೆ ಹೋದ.

ಗಾಣಿಗ ಮುದುಕ. ಎತ್ತಿನ ಹಿಂದೆ ಸುತ್ತುತ್ತ, “ಮತ್ತ ಬಂದ್ಯಾ? ಬಂದೂಕು ಕುಡಿತೈತೋ, ನೀನೇ ಕುಡಿತೀಯೋ?” ಎಂದ.

“ಅದು ಬೇಡತೈತಿ, ನಾ ಕೊಡತೀನಿ.”

“ಬಾಯಿ ಇಲ್ಲದ್ದು ಹೆಂಗ ಬೇಡತೈತೋ ಮಾರಾಯಾ?” ಎಂದು ಮುದುಕ ಗಿಂಡಿ ತುಂಬಿದ.

ತಿರುಗಿ ಬರುವಾಗ ಬೀದಿಯಲ್ಲಿ ಒಂದು ಕೋಳಿಯೂ ಇರಲಿಲ್ಲ. ಅವನ ಮನೆಯ ಸೂರಿನ ಸಂದುಗಳಿಂದ ಹೊಗೆ ಬರುತ್ತಿತ್ತು. ಹೊರಗೆ ಉರಿ ಕಾಣುತ್ತಿರಲಿಲ್ಲ. ಸದ್ದೂ ಇರಲಿಲ್ಲ. ಮನೆ ಉಸಿರು ಬಿಡುತ್ತಿದ್ದ ಹಾಗೆ ಹೊಗೆ ಒಮ್ಮೆ ಬಂದು ಒಮ್ಮೆ ನಿಂತು ಮತ್ತೆ ಬರುತ್ತಿತ್ತು. ಅಗಸೆಯ ವಾಸನೆ ಮೂಗಿಗೆ ಬಡಿಯಿತು. ನೋಡನೋಡುತ್ತಿದ್ದಂತೆ ಸೂರು ಒಂದೇ ಸಲಕ್ಕೆ ಹೊತ್ತಿತು.

ಎದುರಿನ ಬೇವಿನ ಕೆಳಗೆ ಅವನ ಹೆಂಡತಿ ಕೂತಿದ್ದಳು. ಹಿತ್ತಲ ಬಾಗಿಲನ್ನು ಹೆಗಲಿನಿಂದ ಒಡೆದು ಹೊರಗೆ ಬಂದಿದ್ದಳು. ಕೂದಲು ಅರ್ಧ ಸುಟ್ಟಿತ್ತು. ಒಂದು ಕೈ ಹೊಟ್ಟೆಯ ಮೇಲಿತ್ತು. ಗಂಡನನ್ನು ಕಂಡು ಇನ್ನೊಂದು ಕೈಯನ್ನು ಅವನ ಕಡೆ ಚಾಚಿದಳು.

ಅವನು ಅವಳನ್ನು ನೋಡಿದ. ನೋಡಿಯೂ, ಅವಳನ್ನು ದಾಟಿ ಹೊಗೆಯೊಳಗೆ ನುಗ್ಗಿದ.

ಹೊರಗೆ ಬಂದಾಗ ಅವನ ಎರಡೂ ಕೈಯಲ್ಲಿ ಬಂದೂಕಿನ ಕಬ್ಬಿಣದ ನಳಿಗೆ ಇತ್ತು. ಮರ ಇರಲಿಲ್ಲ. ನಳಿಗೆಯನ್ನು ನೆಲಕ್ಕೆ ಹಾಕಲು ಹೋದ, ಬೀಳಲಿಲ್ಲ. ಅಂಗೈ ಅಂಟಿತ್ತು.

ಹೊಲದಿಂದ ಜನ ಓಡಿ ಬಂದರು. ಯಾರೂ ಕೇಳದೆಯೇ ಅವನು ಹೇಳತೊಡಗಿದ. “ನಾ ಹಚ್ಚಿಲ್ಲ. ಒಲಿ ಹಚ್ಚಿದ್ದಿಲ್ಲ. ದೀಪ ಇದ್ದಿಲ್ಲ. ನಾ ಬೀಡಿ ಸೇದಾಂವಲ್ಲ. ಅದರಾಗ ಇದ್ದಾಂವ ಹಚ್ಯಾನ.”

ಜನ ನಂಬಿದರು. ಬೆಚ್ಚಗಿನ ಮರವನ್ನು ಅವರೂ ಮುಟ್ಟಿದ್ದರು. ಒಬ್ಬೊಬ್ಬರೇ ಹಿಂದೆ ಸರಿದರು. ಉರಿ ಇಳಿದ ಮೇಲೆ ಗಾಣಿಗ ಮಾತ್ರ ಹತ್ತಿರ ಬಂದು, ಕುಕ್ಕರಗಾಲಲ್ಲಿ ಕೂತು, ಬೂದಿಯನ್ನು ಕಡ್ಡಿಯಿಂದ ಕೆದಕಿದ.

“ಎಣ್ಣಿ ಬಟ್ಟಿ ಎಲ್ಲಿಟ್ಟಿದ್ದಿ?” ಎಂದು ಕೇಳಿದ.

“ಬಂದೂಕಿಗೆ ಸುತ್ತಿದ್ದೆ. ಒಂದರ ಮ್ಯಾಲೊಂದು.”

“ಅದರ ಮ್ಯಾಲ?”

“ಹೊಟ್ಟು. ಬೆಚ್ಚಗಿರಲಿ ಅಂತ.”

ಗಾಣಿಗ ಕಡ್ಡಿಯನ್ನು ಬಿಸಾಡಿದ. “ಅಗಸಿ ಎಣ್ಣಿ ಬಟ್ಟಿ ಹರವಿದರ ಒಣಗತೈತಿ. ಮುದ್ದಿ ಮಾಡಿ ಮುಚ್ಚಿದರ ಒಳಗೊಳಗ ಕಾಯತೈತಿ. ಕಾದು ಕಾದು ಒಂದಿನ ಹೊತ್ತತೈತಿ. ಅದಕ್ಕ ಕಡ್ಡಿ ಗೀರೋದು ಬೇಕಾಗಂಗಿಲ್ಲ. ನಿಮ್ಮಪ್ಪ ಬೇಲಿ ಮ್ಯಾಲ ಒಂದೊಂದ ಬಟ್ಟಿ ಬಿಡಿಸಿ ಹರವತಿದ್ದ. ಯಾಕಂತ ತಿಳದಿದ್ದಿ?”

“ಜುಗ್ಗ ಅಂತ ತಿಳದಿದ್ದೆ,” ಎಂದ ಬಡಗಿ.

ಬೂದಿಯ ಕಡೆ ಬಾಗಿ ಕೇಳಿದ. “ಹಂಗಾರ ಅದರಾಗ ಯಾರೂ ಇದ್ದಿಲ್ಲೇನು?”

“ಒಬ್ಬಾಂವ ಇದ್ದನಲ್ಲ,” ಎಂದ ಗಾಣಿಗ. “ನೀ ಇದ್ದಿ.”

ಸಂಜೆ ಬಂಡಿ ಬಂತು. ಹೆಂಡತಿ ಅಣ್ಣನ ಹೆಗಲು ಹಿಡಿದು ಹತ್ತಿದಳು. ಬಡಗಿ ಬಂಡಿಯ ಹಿಂದೆ ಊರ ಗಡಿಯ ತನಕ ನಡೆದ. ಸುಟ್ಟ ಕೈಗಳನ್ನು ಮುಂದೆ ಚಾಚಿಕೊಂಡು, ನಾನು ಹಚ್ಚಿದ್ದಲ್ಲ, ನಾನು ಹಚ್ಚಿದ್ದಲ್ಲ ಎಂದು ಹೇಳುತ್ತ ನಡೆದ. ಅವಳು ತಿರುಗಿ ನೋಡಲಿಲ್ಲ. ಎರಡು ತಿಂಗಳಿಗೆ ಕೂಸು ಹುಟ್ಟಿತು. ಆ ಸುದ್ದಿಯನ್ನು ಅವನಿಗೆ ಯಾರೂ ಮುಟ್ಟಿಸಲಿಲ್ಲ.

ಅವನ ಅಂಗೈ ಮಾಯಿತು. ಆದರೆ ಬೆರಳುಗಳು ಚಾಚಲಿಲ್ಲ. ಏನನ್ನೋ ಹಿಡಿದುಕೊಂಡ ಹಾಗೆ ಮಡಿಚಿಯೇ ಉಳಿದವು. ಉಳಿ ಹಿಡಿಯಲು ಆಗಲಿಲ್ಲ. ದಾರಿಹೋಕರನ್ನು ನಿಲ್ಲಿಸಿ ಅವನು ತನ್ನ ಕತೆ ಹೇಳುತ್ತಿದ್ದ. ಅಪ್ಪನ ಆಣೆ, ನಾನು ಹಚ್ಚಲಿಲ್ಲ, ತಾನಾಗಿಯೇ ಹೊತ್ತಿತು ಎನ್ನುತ್ತಿದ್ದ. ಆ ಮಾತು ಸುಳ್ಳಾಗಿರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಹೊರಗೆ ಕಟ್ಟೆಯ ಮೇಲಿದ್ದ ಆಳು ಎದ್ದು ನಿಂತು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಅವನಿಗೆ ಹೊತ್ತಾಗಿತ್ತು.

ಅಡಿವೆಯ್ಯ ಅದನ್ನು ನೋಡಿದ. ನೋಡದವನಂತೆ ಗುರುಗಳ ಕಡೆ ತಿರುಗಿ, “ಆಮ್ಯಾಲ ಆ ಬಡಗಿ ಹೆಂಡತಿ ಊರಿಗೆ ಹೋದನೇನ್ರಿ, ಅಜ್ಜಾರೆ?” ಎಂದು ಕೇಳಿದ.

“ಅವನದಿರಲಿ ಅಡಿವೆಯ್ಯ,” ಎಂದರು ಗುರುಗಳು, “ಬೆಳಿಗ್ಗೆ ಕಾಯಿಪಲ್ಲೆ ಹೆಚ್ಚುವಾಗ ನಿನ್ನದು ಇವತ್ತಿನ ಎಣ್ಣೆ ಉಜ್ಜಿದ್ದು ಆಯಿತೇ?”